ಗೋಡೆಗೆ ಐದು ಸಾಲು ಕೇಳಿದ್ದೆಯಲ್ಲ, ಪುಟ್ಟಿ

ಚಳ್ಳಕೆರೆ

ಚಿ. ಪುಟ್ಟಿಗೆ ನಿನ್ನ ಮಾಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಮಾತ್ರ ಈ ಸಲವೂ ಕೈಕೊಟ್ಟಿದೆ.

ಮೊನ್ನೆ ಫೋನಿನಲ್ಲಿ ನೀನು ನನಗೆ ಒಂದು ಕೆಲಸ ಹೇಳಿದ್ದೆ. ಮುಂದಿನ ತಿಂಗಳು ಆಡಿಟ್ ಇದೆ, ‘ಫುಡ್ ಸೇಫ್ಟಿ ಕಲ್ಚರ್’ ಅಂತ, ಅಂದರೆ ಆಹಾರ ಸುರಕ್ಷತೆ ಎಲ್ಲರ ಅಭ್ಯಾಸ ಆಗಿದೆಯಾ ಅಂತ ನೋಡೋ ಹೊಸ ಕಾಲಂ ಸೇರಿದೆ, ನಮ್ಮ ಖಾರಾ, ಚಿಕ್ಕಿ ಫ್ಯಾಕ್ಟರಿ ಗೋಡೆಗೆ ಬರೆಸೋಕೆ ಕನ್ನಡದಲ್ಲಿ ಪ್ರಾಸ ಇರೋ ಐದು ಸಾಲು ಬರೆದುಕೊಡು ಮಾಮ ಅಂತ. ಎರಡು ದಿನ ಕೂತೆ. ‘ಕೈ ತೊಳೆದರೆ ಕಾಯಿಲೆ ದೂರ’ ತನಕ ಬಂತು. ಆಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಅದರ ಬದಲು ಈ ಕಾಗದ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಊಟದ ಬಿಡುವಿನಲ್ಲಿ ಓದು.

ನಾನು ಶೇಂಗಾ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದಿದ್ದು ನಿನಗೆ ಗೊತ್ತು. ಯಾವ ಮಿಲ್ಲು ಅನ್ನೋದು ಬೇಡ, ಅದು ಮುಚ್ಚಿ ಎಷ್ಟೋ ವರ್ಷ ಆಯಿತು. ಆಗ ಬಸ್ಸು ಚಳ್ಳಕೆರೆ ಊರೊಳಗೆ ತಿರುಗಿದರೆ ಸಾಕು, ಹಿಂಡಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಮ್ಮಲ್ಲಿ ಎಣ್ಣೆಗೆ ಹೋಗೋ ಕಾಳು ಬೇರೆ, ತಿನ್ನೋಕೆ ಹೋಗೋ ಕಾಳು ಬೇರೆ. ತಿನ್ನೋ ಕಾಳನ್ನು ಹೆಂಗಸರು ಸಾಲಾಗಿ ಕೂತು ಆರಿಸುತ್ತಿದ್ದರು. ಜೊಳ್ಳು, ಸುಕ್ಕಿದ್ದು, ಕಪ್ಪಾಗಿದ್ದು, ಮುಗ್ಗು ಹಿಡಿದಿದ್ದು ಎಲ್ಲ ಪಕ್ಕಕ್ಕೆ. ಕೂಲಿ ಕೆಜಿ ಲೆಕ್ಕದಲ್ಲಿ.

ಒಂದು ವರ್ಷ ಬಳ್ಳಿ ಕೀಳುವ ಹೊತ್ತಿಗೇ ಮಳೆ ಹಿಡಿಯಿತು. ಕಾಯಿ ಸರಿಯಾಗಿ ಒಣಗದೆ ಚೀಲ ಸೇರಿತ್ತು. ಒಂದು ಮಧ್ಯಾಹ್ನ, ಆರಿಸೋರಲ್ಲಿ ವಯಸ್ಸಾದ ಒಬ್ಬಾಕೆ ಒಂದು ಹಿಡಿ ಕಾಳು ತಂದು ನನ್ನ ಟೇಬಲ್ ಮೇಲೆ ಸುರಿದಳು. ಒಂದನ್ನು ತೆಗೆದುಕೊಂಡು ಹೆಬ್ಬೆರಳಿನ ಉಗುರಿನಿಂದ ಎರಡು ಬೇಳೆ ಮಾಡಿ ತೋರಿಸಿದಳು. ಮೇಲಿನ ಸಿಪ್ಪೆ ಚೆನ್ನಾಗೇ ಇತ್ತು, ಗುಲಾಬಿ ಬಣ್ಣ. ಒಳಗೆ ಎರಡು ಬೇಳೆ ನಡುವಿನ ಸಂದಿಯಲ್ಲಿ ಹಸಿರು ಹಳದಿ ಬೂಷ್ಟು. ‘ಮ್ಯಾಲೆ ಕಾಣಾದಿಲ್ಲ ಸಾರ್, ಒಡದ್ರೆ ಕಾಣ್ತೈತೆ’ ಅಂದಳು.

ಹೊರಗೆ ಲಾರಿ ನಿಂತಿತ್ತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದಿದ್ದ. ನಾನು ಏನಂದೆ ಗೊತ್ತಾ? ‘ನಿನ್ನ ಕೆಲಸ ಆರಿಸೋದು, ಒಡೆಯೋದಲ್ಲ.’ ಸುತ್ತ ಇದ್ದವರು ನಕ್ಕರು. ಆಕೆಯೂ ನಕ್ಕಳು. ಕಾಳನ್ನು ಬಾಚಿ ಸೆರಗಿಗೆ ಹಾಕಿಕೊಂಡು ಹೋದಳು.

ಹದಿನೈದು ದಿನಕ್ಕೆ ಮಾಲು ವಾಪಸ್ ಬಂತು. ಲಾರಿ ಬಾಡಿಗೆ, ಹಮಾಲಿ ಎಲ್ಲ ಸಾಹುಕಾರರ ಮೈಮೇಲೆ. ದುಡ್ಡು ಹೋಗಲಿ ಬಿಡು. ಆಕೆ ಆಮೇಲೆ ನಾಲ್ಕು ವರ್ಷ ನಮ್ಮಲ್ಲೇ ದುಡಿದಳು, ಒಂದು ಸಲವೂ ನನ್ನ ಟೇಬಲ್ ಹತ್ತಿರ ಸುಳಿಯಲಿಲ್ಲ. ಬೇರೆ ಹೆಂಗಸರೂ ಬರಲಿಲ್ಲ. ನಾನು ಬೈದಿದ್ದು ಒಬ್ಬಳಿಗೆ, ಪಾಠ ಕಲಿತದ್ದು ಇಡೀ ಸಾಲು. ಯಾರೂ ಏನೂ ಹೇಳ್ತಿಲ್ಲ, ಹಾಗಾದರೆ ಎಲ್ಲ ಸರಿಯಾಗಿದೆ ಅಂತ ನಾನು ಆರಾಮಾಗಿದ್ದೆ ನೋಡು. ದಡ್ಡತನ ಅಂದರೆ ಅದು.

ಆ ಬೂಷ್ಟು ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. ನೀನು ಓದಿದವಳು, ಅದು ಬಿಡೋ ಅಫ್ಲಾಟಾಕ್ಸಿನ್ ವಿಷದ ಬಗ್ಗೆ ನಾನು ಹೇಳಬೇಕಾಗಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿ ಸತ್ತಾಗ ಕಾರಣ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಮೇವಿನಲ್ಲಿದ್ದ ಶೇಂಗಾ ಹಿಂಡಿ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು, ಲಿವರ್ ಕೆಟ್ಟು, ನೂರಕ್ಕೂ ಜಾಸ್ತಿ ಜನ ತೀರಿಕೊಂಡರು. ಹುರಿದರೂ ಪೂರ್ತಿ ಹೋಗೋ ವಿಷ ಅಲ್ಲ ಅದು. ನಿಮ್ಮ ಫ್ಯಾಕ್ಟರಿಗೆ ಶೇಂಗಾನೂ ಬರುತ್ತೆ, ಮೆಕ್ಕೆಜೋಳವೂ ಬರುತ್ತೆ. ಲ್ಯಾಬ್ ರಿಪೋರ್ಟ್ ಒಂದು ಚೀಲದ್ದು. ಉಳಿದ ಚೀಲಗಳನ್ನು ನೋಡೋದು ಆರಿಸೋರ ಕಣ್ಣು.

ಆಡಿಟ್ ಅಂದರೆ ನಿನಗೆ ನಿದ್ದೆ ಬರ್ತಿಲ್ಲ ಅಂತ ಅಕ್ಕ ಹೇಳಿದಳು. ಅದಕ್ಕೆ ಇದೊಂದು ಹೇಳ್ತೀನಿ. ಅಮೆರಿಕದಲ್ಲಿ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕ ಅಂತ ಒಂದು ಕಂಪನಿ ಇತ್ತು. ಅದೂ ಶೇಂಗಾನೇ. 2008-09ರಲ್ಲಿ ಅವರ ಮಾಲಿನಿಂದ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಹರಡಿ 700ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು, 9 ಜನ ಸತ್ತರು. ಜಾರ್ಜಿಯಾದ ಕಾರ್ಖಾನೆಯಲ್ಲಿ ಚಾವಣಿ ಸೋರುತ್ತಿತ್ತು. ಟೆಸ್ಟ್ ರಿಪೋರ್ಟ್ ಬರೋಕೆ ಮುಂಚೆಯೇ ಮಾಲು ಹೊರಗೆ ಹೋಗುತ್ತಿತ್ತು, ಸುಳ್ಳು ಸರ್ಟಿಫಿಕೇಟೂ ಹೋಗುತ್ತಿತ್ತು. 2015ರಲ್ಲಿ ಮಾಲೀಕನಿಗೆ 28 ವರ್ಷ ಜೈಲಾಯಿತು. ಗಲಾಟೆ ಹೊರಬೀಳೋಕೆ ಸ್ವಲ್ಪ ತಿಂಗಳ ಮುಂಚೆ ಹೊರಗಿನ ಆಡಿಟರ್ ಬಂದು ಅದೇ ಕಾರ್ಖಾನೆಗೆ ಒಳ್ಳೆ ದರ್ಜೆ ಕೊಟ್ಟು ಹೋಗಿದ್ದ. ಸೋರೋ ಚಾವಣಿ ಕೆಳಗೆ ದಿನಾ ನಿಲ್ಲುತ್ತಿದ್ದವರಿಗೆ ಅದು ಕಾಣಿಸಿರಲಿಲ್ವಾ?

ಈ ಹೊಸ ಕಾಲಂ ಸುಮ್ನೆ ಬಂದಿದ್ದಲ್ಲ. 2020ರಲ್ಲಿ, ಲೋಕಕ್ಕೆಲ್ಲ ಆಹಾರದ ಮಾನದಂಡ ಮಾಡೋ ಕೋಡೆಕ್ಸ್‌ನವರು ತಮ್ಮ ಆಹಾರ ಸ್ವಚ್ಛತೆಯ ನಿಯಮ ತಿದ್ದುವಾಗ ಇದನ್ನು ಸೇರಿಸಿದರು. 2021ರಲ್ಲಿ ಯುರೋಪಿನವರು ಕಾನೂನಿಗೇ ಹಾಕಿದರು. ಕಾಗದವೆಲ್ಲ ಸರಿಯಿದ್ದೂ ಜನ ಸಾಯೋದನ್ನು ನೋಡಿ ನೋಡಿ ಬಂದ ಬುದ್ಧಿ ಅದು.

ಈಗ ನಿಮ್ಮ ಫ್ಯಾಕ್ಟರಿ ವಿಷಯ. ಹೋದ ಸಲ ದಾವಣಗೆರೆಯ ಕರೂರಿಗೆ ನಿನ್ನ ನೋಡೋಕೆ ಬಂದಾಗ ಒಳಗೆ ಒಂದು ಸುತ್ತು ಕರೆದುಕೊಂಡು ಹೋದೆಯಲ್ಲ. ನಾನು ಬಾಯಿ ಬಿಡಲಿಲ್ಲ, ಆದರೆ ಹಳೇ ಕಣ್ಣು ಸುಮ್ಮನಿರಲ್ಲ. ಖಾರಾ ಕರಿಯೋ ಜಾಗದ ರಿಜಿಸ್ಟರ್ ತೆಗೆದು ನೋಡಿದೆ. ಎಂಟು ಗಂಟೆ, ಒಂಬತ್ತು ಗಂಟೆ, ಹತ್ತು ಗಂಟೆ, ಎಲ್ಲ ಸಹಿ ಒಂದೇ ಪೆನ್ನು, ಒಂದೇ ಓರೆ. ಒಂದು ಹಾಳೆಯ ಮೇಲೂ ಎಣ್ಣೆ ಬೆರಳಿನ ಗುರುತಿಲ್ಲ. ಕರಿಯೋನ ಪಕ್ಕ ಇಟ್ಟ ಪುಸ್ತಕ ಅಷ್ಟು ಚೊಕ್ಕವಾಗಿರೋಕೆ ಹೇಗೆ ಸಾಧ್ಯ ಪುಟ್ಟಿ? ಸಂಜೆ ಆಫೀಸಿನಲ್ಲಿ ಕೂತು ತುಂಬಿದ್ದು ಅದು. ಆ ಹುಡುಗನಿಗೆ ಬೈಯಬೇಡ ಮತ್ತೆ. ಖಾಲಿ ಬಿಟ್ಟರೆ ಬೈತಾರೆ, ತುಂಬಿದರೆ ಯಾರೂ ಕೇಳಲ್ಲ ಅಂತ ಅವನು ಕಲಿತಿದ್ದಾನೆ. ಕಲಿಸಿದ್ದು ನೀವೇ.

ಎಣ್ಣೆ ಪರೀಕ್ಷೆ ಮಾಡೋ ಮೀಟರ್ ತೋರಿಸಿದೆ, ಸಂತೋಷ. ಎಣ್ಣೆ ಕಾದು ಕಾದು ಕೆಟ್ಟಾಗ ಹೆಚ್ಚೋ ಪೋಲಾರ್ ಕಾಂಪೌಂಡ್ 25 ಪರ್ಸೆಂಟ್ ದಾಟಿದರೆ ಆ ಎಣ್ಣೆ ಬಳಸಬಾರದು ಅನ್ನೋ ನಿಯಮ 2018ರ ಜುಲೈನಿಂದ ಇದೆ. ಆದರೆ ನಾನು ಕೇಳಿದ್ದು ನೆನಪಿದೆಯಾ? ರಾತ್ರಿ ಹನ್ನೊಂದಕ್ಕೆ ಮೀಟರ್ 26 ತೋರಿಸಿದರೆ ಎಣ್ಣೆ ಇಳಿಸೋದು ಯಾರು ಅಂತ. ‘ಓನರ್‌ಗೆ ಫೋನ್ ಮಾಡಬೇಕು’ ಅಂದೆ. ಹನ್ನೊಂದು ಗಂಟೆಗೆ ಓನರ್‌ಗೆ ಫೋನ್ ಮಾಡೋ ಧೈರ್ಯ ಬಾಣಲೆ ಮುಂದೆ ನಿಂತವನಿಗೆ ಇದೆಯಾ? ಇಲ್ಲ. ಅವನು ಹೊಸ ಎಣ್ಣೆ ಒಂದು ಡಬ್ಬ ಸುರಿದು, ಮೀಟರ್ ಕೆಳಗಿಳಿಸಿ, ಕರೀತಾ ಹೋಗ್ತಾನೆ. ಇಳಿಸೋ ಅಧಿಕಾರ ಅವನಿಗೇ ಕೊಡಿಸು. ಇಳಿಸಿದ ಮೇಲೆ ಬೆಳಿಗ್ಗೆ ಯಾರೂ ‘ಎಷ್ಟು ಡಬ್ಬ ಹಾಳು ಮಾಡಿದೆ’ ಅನ್ನಬಾರದು. ಆ ಒಂದು ಮಾತಿಗೆ ಎಲ್ಲ ಮುಗಿಯಿತು.

ಕೂಲಿ ವಿಷಯ ಇನ್ನೂ ದೊಡ್ಡದು. ಪ್ಯಾಕಿಂಗ್ ಹೆಂಗಸರಿಗೆ ಪ್ಯಾಕೆಟ್ ಲೆಕ್ಕ ಅಂದೆಯಲ್ಲ. ಪ್ಯಾಕೆಟ್ ಲೆಕ್ಕದಲ್ಲಿ ದುಡಿಯೋಳು ಲೈನ್ ನಿಲ್ಲಿಸಿ ‘ಇದರಲ್ಲಿ ಏನೋ ಇದೆ’ ಅಂತ ಹೇಳಿದರೆ ಅವಳ ಕೂಲಿಯೂ ಹೋಗುತ್ತೆ, ಪಕ್ಕದವಳದ್ದೂ ಹೋಗುತ್ತೆ. ಹಾಗಿದ್ದಾಗ ಕಣ್ಣು ಮುಚ್ಚಿಕೊಳ್ಳೋದೇ ಜಾಣತನ, ಅಲ್ವಾ? ನಮ್ಮ ಮಿಲ್ಲಿನ ಆಕೆ ಅವತ್ತು ನನ್ನ ಟೇಬಲ್‌ಗೆ ನಡೆದು ಬಂದಿದ್ದು ತನ್ನ ಕೂಲಿ ಬಿಟ್ಟು. ಅದು ನನಗೆ ಹೊಳೆದದ್ದು ರಿಟೈರ್ ಆದ ಮೇಲೆ. ನಿಂತ ಹೊತ್ತಿಗೂ ಕೂಲಿ ಹಾಕಿಸು. ಇಡೀ ದಿನಕ್ಕೆ ಹತ್ತು ನಿಮಿಷವೂ ಆಗಲ್ಲ.

ವಾಂತಿ ಭೇದಿ ಆದವರದ್ದೂ ಇದೇ ಕಥೆ. ಹುಷಾರಿಲ್ಲ ಅಂದರೆ ಆ ದಿನದ ಕೂಲಿ ಖೋತಾ. ಹಾಗಾಗಿ ಬಾಯಿ ಮುಚ್ಚಿಕೊಂಡು ಬಂದು ಚಿಕ್ಕಿ ಕತ್ತರಿಸೋಕೆ ಕೂರ್ತಾರೆ. ವರ್ಷಕ್ಕೊಮ್ಮೆ ಡಾಕ್ಟರ್ ಸರ್ಟಿಫಿಕೇಟ್ ಮಾಡಿಸೋದು ಕಾನೂನು, ಮಾಡಿಸಿ. ಆದರೆ ಕಾಯಿಲೆ ಸರ್ಟಿಫಿಕೇಟ್ ನೋಡಿಕೊಂಡು ಬರಲ್ಲ. ಅಂಥವರನ್ನು ಎರಡು ದಿನ ಗೋಡೌನಿನ ಕೆಲಸಕ್ಕೆ, ಡಬ್ಬ ಮಡಿಸೋಕೆ ಹಾಕು. ತೀರಾ ಆಗದಿದ್ದರೆ ಕೂಲಿ ಕೊಟ್ಟು ಮನೆಗೆ ಕಳಿಸು.

ಇನ್ನೊಂದು. 25 ಜನಕ್ಕೆ ಒಬ್ಬರಾದರೂ ಟ್ರೈನಿಂಗ್ ಆದ ಸೂಪರ್‌ವೈಸರ್ ಇರಬೇಕು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳುತ್ತಲ್ಲ, ಅದಕ್ಕೆ ಆಫೀಸಿನ ಹುಡುಗರನ್ನು ಕಳಿಸಬೇಡ. ಲೈನಿನಲ್ಲಿ ಎಲ್ಲರೂ ಯಾರ ಮಾತು ಕೇಳ್ತಾರೆ ನೋಡು, ಅವಳನ್ನು ಕಳಿಸು. ದಾವಣಗೆರೆ ಭಟ್ಟಿಯೊಂದರಲ್ಲಿ ನಾನೇ ನೋಡಿದ್ದೇನೆ. ಮಂಡಕ್ಕಿ ಹುರಿದು ಜರಡಿ ಹಿಡಿದ ಮೇಲೆ ಆ ಮನೆಯ ಹೆಂಗಸು ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹಲ್ಲಿಗೆ ಒಂದು ಹರಳು ಮರಳು ಸಿಕ್ಕಿದರೂ ‘ಇನ್ನೊಂದ್ಸಲ ಜರಡಿ ಹಿಡೀರಿ’ ಅಂತ ಕೂಗು. ಗಂಡನೂ ಎದುರಾಡುತ್ತಿರಲಿಲ್ಲ. ಯಾವ ರಿಜಿಸ್ಟರೂ ಇರಲಿಲ್ಲ ಅಲ್ಲಿ.

ಇಷ್ಟೆಲ್ಲ ಓನರ್‌ಗೆ ನಾನು ಹೇಗೆ ಹೇಳಲಿ, ನಾನು ನಿನ್ನೆ ಮೊನ್ನೆ ಸೇರಿದವಳು ಅಂತೀಯ. ನಿಜ. ಅವರು ಟೋಪಿ ಇಲ್ಲದೆ, ಕೈಯಲ್ಲಿ ಉಂಗುರ ಹಾಕಿಕೊಂಡು ಪ್ಯಾಕಿಂಗ್ ರೂಮಿನೊಳಗೆ ನಡೆದು ಹೋಗಿದ್ದನ್ನೂ ನಾನು ನೋಡಿದೆ. ಬಾಗಿಲಲ್ಲಿ ನಿಂತು ಒಂದು ಟೋಪಿ ಚಾಚು ಸಾಕು. ಮಾತು ಬೇಡ. ಉಳಿದಿದ್ದಕ್ಕೆ ನಿಯಮದ ಪುಸ್ತಕ ಹಿಡಿದುಕೊಂಡು ಹೋಗಬೇಡ, ಲೆಕ್ಕ ಹಿಡಿದುಕೊಂಡು ಹೋಗು. ಒಂದು ಲಾರಿ ಮಾಲು ವಾಪಸ್ ಬಂದರೆ ಎಷ್ಟು, ಲೈನ್ ಹತ್ತು ನಿಮಿಷ ನಿಂತರೆ ಎಷ್ಟು. ಪಕ್ಕಪಕ್ಕ ಬರೆದು ಮುಂದಿಡು. ಸಾಹುಕಾರರು ಅದನ್ನು ಓದ್ತಾರೆ. ನಮ್ಮ ಮಿಲ್ಲಿನ ಲಾರಿ ಕಥೆ ಬೇಕಾದರೆ ಹೇಳು, ನನ್ನ ಹೆಸರು ಹೇಳಿದರೂ ಬೇಜಾರಿಲ್ಲ.

ಗೋಡೆ ಖಾಲಿ ಬಿಟ್ಟರೆ ಆಡಿಟರ್ ಏನಂತಾನೋ ಅಂತ ಭಯ ಇದ್ದರೆ, ಊಟದ ಕೋಣೆಯಲ್ಲಿ ಒಂದು ಹಲಗೆ ಹಾಕಿಸು. ಈ ವಾರ ಯಾರು ಏನು ಹೇಳಿದರು, ನಾವು ಏನು ಮಾಡಿದೆವು, ಎರಡೇ ಕಾಲಂ. ಎರಡನೇ ಕಾಲಂ ಖಾಲಿ ಉಳಿದರೆ ಹಲಗೆ ತೆಗೆಸಿಬಿಡು, ಇಲ್ಲದಿದ್ದರೆ ಅದೂ ಗೋಡೆ ಬರಹವೇ. ಸೀಮೆಸುಣ್ಣ ಬೇಡ, ಪುಡಿ ಉದುರುತ್ತೆ. ಮಾರ್ಕರ್ ಇರಲಿ.

ಭಾನುವಾರ ಬರುತ್ತೇನೆ. ಹುರಿದ ಶೇಂಗಾ ಎರಡು ಕೆಜಿ ತರುತ್ತೇನೆ, ಒಡೆದು ನೋಡಿಯೇ ತಂದಿದ್ದು. ಅಕ್ಕ ನನಗೆ ಮಂಡಕ್ಕಿ ಮೆಣಸಿನಕಾಯಿ ಮಾಡದೆ ಬಿಡಲ್ಲ. ಒಲೆ ಪಕ್ಕದ ಸ್ಟೀಲ್ ಡಬ್ಬಿಯಲ್ಲಿ ಹಬ್ಬದ ಕರಿದ ಎಣ್ಣೆ ಇನ್ನೂ ಇಟ್ಟಿರ್ತಾಳೆ. ನಾನು ಬರೋದರೊಳಗೆ ಅದನ್ನು ಅವಳ ಕೈಯಲ್ಲೇ ಚೆಲ್ಲಿಸು ನೋಡೋಣ. ನನ್ನ ಕೈಲಂತೂ ಮೂವತ್ತು ವರ್ಷದಿಂದ ಆಗಿಲ್ಲ.

ಇತಿ,
ನಿನ್ನ ಮಾಮ