ಒಂದು ಚುಕ್ಕೆಯನ್ನು ಹುಡುಕಿಕೊಟ್ಟವರಿಗೆ

ಗಂಡಸರಿಗೆ ಮೂತ್ರಕೋಶದ ಕೆಳಗೆ ಇರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ನನಗೆ; ಅದರ ರೇಡಿಯೇಶನ್ ಮುಗಿಯಿತು. ಪಿಎಸ್‌ಎ, ಅಂದರೆ ಆ ಗ್ರಂಥಿಯಿಂದ ರಕ್ತಕ್ಕೆ ಸೇರುವ ಪ್ರೋಟೀನ್, ಚೆನ್ನಾಗಿ ಇಳಿದಿದೆ ಎಂದು ಡಾಕ್ಟರು ಹೇಳಿದ್ದಾರೆ. ಹಾರ್ಮೋನ್ ಇಂಜೆಕ್ಷನ್ ಇನ್ನೂ ನಡೆಯಬೇಕು. ಅದೆಲ್ಲ ಮುಗಿಯಲಿ ಎಂದು ಕಾಯುವ ಮನಸ್ಸಿಲ್ಲ, ಈಗಲೇ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ವಿದ್ಯಾನಗರದ ನಮ್ಮ ಫ್ಯಾಮಿಲಿ ಡಾಕ್ಟರಿಗೆ. ರಾತ್ರಿ ಪದೇಪದೇ ಮೂತ್ರಕ್ಕೆ ಏಳುತ್ತೇನೆ ಎಂದಾಗ, ವಯಸ್ಸಾಯ್ತು ಬಿಡಿ ಎಂದು ಅವರು ಕಳಿಸಿಬಿಡಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು. ಪಿಎಸ್‌ಎ ಏರಿತ್ತು. ಪ್ರಾಸ್ಟೇಟ್ ಸುಮ್ನೆ ದೊಡ್ಡದಾದರೂ ಏರುತ್ತದೆ, ಹೆದರಬೇಡಿ ಎಂದು ಹೇಳಿ ಎಂಆರ್‌ಐಗೆ ಬರೆದರು. ಆಮೇಲೆ ಬಯಾಪ್ಸಿ. ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಗ್ಲೀಸನ್ ಸ್ಕೋರ್ 8 ಬಂತು. ಹರಡುವ ಅಪಾಯ ಜಾಸ್ತಿ ಇರುವ ಬಗೆ.

ಮೂಳೆ ಸ್ಕ್ಯಾನ್, ಸಿಟಿ ಸ್ಕ್ಯಾನ್ ಎರಡರಲ್ಲೂ ಏನೂ ಕಾಣಲಿಲ್ಲ. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಯೂರಾಲಜಿ ಡಾಕ್ಟರು ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಬೆಂಗಳೂರಿಗೆ ಹೋಗಿ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸಲೇಬೇಕು ಎಂದರು. ಸೊಂಟದ ಒಳಗಿನ ಒಂದು ಲಿಂಫ್ ನೋಡ್ (ದುಗ್ಧಗ್ರಂಥಿ) ಅದರಲ್ಲಿ ಚುಕ್ಕೆಯಾಗಿ ಕಾಣಿಸಿತು. ಆ ಜಾಗಕ್ಕೂ ರೇಡಿಯೇಶನ್ ಕೊಡಲು ತೀರ್ಮಾನ ಆಗಿದ್ದು ಅದರಿಂದಲೇ. ಸರ್, ನೀವು ಪಟ್ಟು ಹಿಡಿದದ್ದನ್ನು ನಮ್ಮ ಮನೆಯವರು ದಿನಾ ನೆನೆಯುತ್ತಾರೆ.

ಈ ಸ್ಕ್ಯಾನ್ ಹೇಗೆ ಕೆಲಸ ಮಾಡುತ್ತದೆ ಎಂದು ಅಲ್ಲಿನ ಟೆಕ್ನಿಷಿಯನ್ ಹುಡುಗಿ ತಾಳ್ಮೆಯಿಂದ ವಿವರಿಸಿದಳು. ಪ್ರಾಸ್ಟೇಟ್ ಕ್ಯಾನ್ಸರ್ ಕಣಗಳ ಹೊರಮೈಯಲ್ಲಿ ಪಿಎಸ್‌ಎಂಎ ಎಂಬ ಪ್ರೋಟೀನ್ ಸಾಮಾನ್ಯವಾಗಿ ತುಂಬಾ ಇರುತ್ತದಂತೆ. ಅದನ್ನೇ ಹುಡುಕಿ ಅಂಟಿಕೊಳ್ಳುವ ಮದ್ದಿಗೆ ವಿಕಿರಣ ಸೂಸುವ ಗ್ಯಾಲಿಯಂ-68 ಸೇರಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಸುಮಾರು ಒಂದು ಗಂಟೆ ಕೂರಿಸುತ್ತಾರೆ. ಕಣಗಳು ಗುಂಪಾಗಿರುವ ಕಡೆ ಚಿತ್ರದಲ್ಲಿ ಹೊಳೆಯುತ್ತದೆ. ಗ್ಯಾಲಿಯಂನ ಶಕ್ತಿ 68 ನಿಮಿಷಕ್ಕೆ ಅರ್ಧ ಇಳಿದುಹೋಗುತ್ತದೆ, ಹಾಗಾಗಿ ಮಾಡಿಟ್ಟುಕೊಳ್ಳುವ ಹಾಗೇ ಇಲ್ಲ. ಅಷ್ಟು ಅವಸರದ ಕೆಲಸದ ನಡುವೆ ನನ್ನ ಪಕ್ಕ ನಿಂತು ಮಾತಾಡಿದಳಲ್ಲ ಆ ಮಗಳು, ಅವಳಿಗೆ ಒಳ್ಳೆಯದಾಗಲಿ.

ಮುಖ ನೋಡದ ಕೆಲವರ ಋಣವೂ ನನ್ನ ಮೇಲಿದೆ. ಆಸ್ಟ್ರೇಲಿಯಾದಲ್ಲಿ ನನ್ನಂಥದೇ ಕಾಯಿಲೆಯ 302 ಗಂಡಸರು ಒಂದು ಅಧ್ಯಯನಕ್ಕೆ ಒಪ್ಪಿಕೊಂಡರು. ಮೊದಲು ಮೂಳೆ, ಸಿಟಿ ಎಂಬ ಹಳೆಯ ಸ್ಕ್ಯಾನೋ ಹೊಸ ಪಿಎಸ್‌ಎಂಎ ಪೆಟ್ ಸ್ಕ್ಯಾನೋ ಎಂಬುದು ಅವರ ಆಯ್ಕೆಯಾಗಿರಲಿಲ್ಲ, ಚೀಟಿ ಎತ್ತಿದ ಹಾಗೆ. 2020ರಲ್ಲಿ ಫಲಿತಾಂಶ ಬಂತು. ಹರಡಿದೆಯೋ ಇಲ್ಲವೋ ಹೇಳುವುದರಲ್ಲಿ ಹಳೆಯ ಎರಡು ಸ್ಕ್ಯಾನ್‌ಗಳ ನಿಖರತೆ ಶೇ. 65, ಹೊಸದರದು ಶೇ. 92. ನಮ್ಮ ಡಾಕ್ಟರು ಪಟ್ಟು ಹಿಡಿಯಲು ಬಲ ಕೊಟ್ಟದ್ದು ಇಂಥ ಜನ. ತಮ್ಮ ಆತಂಕದ ಹೊತ್ತಿನಲ್ಲಿ ಮುಂದಿನವರಿಗಾಗಿ ಸಹಿ ಹಾಕಿದರು. ಇದಕ್ಕಿಂತ ದೊಡ್ಡ ದಾನ ನನಗೆ ಗೊತ್ತಿಲ್ಲ.

ಬೆಂಗಳೂರಲ್ಲಿ ನಮ್ಮನ್ನು ಇಟ್ಟುಕೊಂಡ ಮಗಳು, ಅಳಿಯಂದಿರಿಗೆ, ಅಷ್ಟೂ ದಿನ ನನ್ನ ಅಂಗಡಿ ಬಾಗಿಲು ಹಾಕದಂತೆ ನೋಡಿಕೊಂಡ ಚೌಕಿಪೇಟೆಯ ಅಕ್ಕಪಕ್ಕದವರಿಗೆ ತುಂಬಾ ಥ್ಯಾಂಕ್ಸ್.

ನನ್ನ ಸ್ಕ್ಯಾನ್, ರಿಪೋರ್ಟುಗಳನ್ನು ಸಂಶೋಧನೆಗೆ ಬಳಸಬಹುದಾ ಎಂದು ಆಸ್ಪತ್ರೆಯವರು ಕೇಳಿದರು. ಕೂಡಲೇ ಸಹಿ ಹಾಕಿಕೊಟ್ಟೆ.