ಜೂನಿಯರ್ ಸಂಗೀತ ಪರೀಕ್ಷೆ: ಪೋಷಕರ ಗಮನಕ್ಕೆ

ಎಲ್ಲ ಪೋಷಕರಿಗೂ ನಮಸ್ಕಾರ.

ಈ ಬಾರಿ ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆಗೆ ಕುಳಿತುಕೊಳ್ಳಲಿರುವ ಮಕ್ಕಳಿಗಾಗಿ ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಕುವೆಂಪುನಗರದ ನಮ್ಮ ತರಗತಿಯಲ್ಲೇ ಮಾದರಿ ಪರೀಕ್ಷೆಯನ್ನು ಏರ್ಪಡಿಸಲಾಗಿದೆ. ಉಳಿದ ಮಕ್ಕಳಿಗೆ ಅಂದು ಪಾಠವಿರುವುದಿಲ್ಲ.

ಗುರುಗಳು ಗಮನಿಸಿರುವಂತೆ, ಮಕ್ಕಳು ಮಾಯಾಮಾಳವಗೌಳ ರಾಗದ ಸರಳೆ ಮತ್ತು ಜಂಟಿ ವರಸೆಗಳನ್ನು (ಆರಂಭದ ಸ್ವರಾಭ್ಯಾಸಗಳನ್ನು) ಮೂರು ಕಾಲಗಳಲ್ಲೂ, ಅಂದರೆ ಮೂರು ವೇಗಗಳಲ್ಲೂ, ಚೆನ್ನಾಗಿ ಹಾಡುತ್ತಾರಾದರೂ, ಅಲಂಕಾರಗಳಿಗೆ (ಬೇರೆ ಬೇರೆ ತಾಳಗಳಲ್ಲಿ ಹಾಡುವ ಸ್ವರಾಭ್ಯಾಸಗಳಿಗೆ) ಬಂದಾಗ, ಅದರಲ್ಲೂ ಝಂಪೆ ಮತ್ತು ಅಟ ತಾಳಗಳಲ್ಲಿ, ಕೈ ಒಂದು ಕಡೆ, ಬಾಯಿ ಒಂದು ಕಡೆ ಆಗುತ್ತಿದೆ. ಆದ್ದರಿಂದ ಮನೆಯಲ್ಲಿ ದಿನವೂ ಅರ್ಧ ಗಂಟೆ ಶ್ರುತಿಪೆಟ್ಟಿಗೆ ಹಾಕಿ ಕೂರಿಸಿ, ಮೊದಲು ಬರೀ ತಾಳವನ್ನಷ್ಟೇ ಹಾಕಿಸಿ, ಝಂಪೆಯ ಲಘುವಿನ (ಒಂದು ತಟ್ಟು, ನಂತರ ಬೆರಳೆಣಿಕೆ) 7, ಅನುದ್ರುತದ (ಒಂದೇ ತಟ್ಟು) 1, ದ್ರುತದ (ತಟ್ಟಿ ಕೈ ತಿರುಗಿಸುವುದು) 2, ಒಟ್ಟು 10 ಅಕ್ಷರಗಳು (ಎಣಿಕೆಗಳು) ಕೈಗೆ ಕೂತ ಮೇಲೆಯೇ ಸ್ವರ ಹಾಡಿಸಬೇಕಾಗಿ ವಿನಂತಿ. ನಮಗೆ ಸಂಗೀತ ಬಾರದೆಂದು ಯಾರೂ ಹಿಂಜರಿಯಬೇಕಿಲ್ಲ. ಬೆರಳೆಣಿಕೆ ನೋಡಲು ಸಂಗೀತದ ಮೇಲ್ಮಟ್ಟದ ವಿದ್ವತ್ ಪರೀಕ್ಷೆ ಪಾಸಾಗಿರಬೇಕೆಂದಿಲ್ಲ.

ಶಾಸ್ತ್ರದ (ಥಿಯರಿಯ) ಉತ್ತರಗಳನ್ನು ಬಾಯಿಪಾಠ ಒಪ್ಪಿಸಿಕೊಳ್ಳುವುದರ ಜೊತೆಗೆ ಒಮ್ಮೆ ಬರೆಸಿ ನೋಡಿ. ಧ್ವನಿ ಒಡೆಯುತ್ತಿರುವ ಹುಡುಗರಿಗೆ ಶ್ರುತಿ ಇಳಿಸಬೇಕಾಗಬಹುದಾದ್ದರಿಂದ ಅವರ ಪೋಷಕರು ಗುರುಗಳಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಮಾದರಿ ಪರೀಕ್ಷೆಯ ಹೊತ್ತಿನಲ್ಲಿ ಪೋಷಕರು ದಯವಿಟ್ಟು ಹೊರಗೆ ಕುಳಿತಿರಬೇಕು, ಏಕೆಂದರೆ ಅಪ್ಪ ಅಮ್ಮ ಎದುರಿಗಿದ್ದರೆ ಮಕ್ಕಳು ತಾಳ ಬಿಟ್ಟು ಅವರ ಮುಖವನ್ನೇ ನೋಡುತ್ತಾರೆ. ಮಗುವಿನ ಹೆಸರು ಹಾಗೂ ಹಾಡುಗಾರಿಕೆಯೋ ವೀಣೆಯೋ ಎಂಬುದನ್ನು ಗುರುವಾರ ಸಂಜೆಯೊಳಗೆ ಇದೇ ಗುಂಪಿನಲ್ಲಿ ತಿಳಿಸಿದರೆ ಸರದಿಯ ಪಟ್ಟಿಯನ್ನು ಶುಕ್ರವಾರ ಹಾಕುತ್ತೇವೆ.