ಸುಳ್ಳು ದಂಪತಿಗೂ, ಓದಿ ಹೇಳಿದವರಿಗೂ ಒಂದು ನಮಸ್ಕಾರ

ಇನ್ನು ಓದಬಹುದು ಎಂದು ವೈದ್ಯರು ಹೇಳಿದ್ದಾರೆ. ಓದಬಹುದಾದರೆ ಬರೆಯಲೂಬಹುದು ಎಂದು ನಾನೇ ಅರ್ಥ ಮಾಡಿಕೊಂಡು ಕುಳಿತಿದ್ದೇನೆ.

ರೆಟಿನಾ, ಅಂದರೆ ಕಣ್ಣಿನ ಹಿಂಪರದೆಯ ಶಸ್ತ್ರಚಿಕಿತ್ಸೆ ಮಾಡಿದ ಅವರಿಗೂ, ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಿದ ದಾದಿಯರಿಗೂ ಮೊದಲ ನಮಸ್ಕಾರ. ಕಣ್ಣಿನೊಳಗೆ ಬಿಟ್ಟ ಅನಿಲದ ಗುಳ್ಳೆ ಮೇಲೇರಿ ರೆಟಿನಾವನ್ನು ಒತ್ತಿ ಹಿಡಿಯಲೆಂದು ನಾನು ಸದಾ ಮುಖ ಕೆಳಗೆ ಹಾಕಿಕೊಂಡೇ ಇರಬೇಕಿತ್ತು. ನೋವು ಸಹಿಸಬಹುದು, ಬೇಸರ ಸಹಿಸಲಾಗದು. ಕಾಣುತ್ತಿದ್ದುದು ನೆಲ, ಮಂಚದ ಕಾಲು, ಬಂದುಹೋಗುವವರ ಪಾದ.

ಆಗ ನಾದಿನಿ ಒಂದು ಕಾದಂಬರಿ ತಂದು ಗಟ್ಟಿಯಾಗಿ ಓದತೊಡಗಿದಳು. ರೀಜೆನ್ಸಿ ಕಾಲದ, ಅಂದರೆ 1811ರಿಂದ 1820ರವರೆಗಿನ ಇಂಗ್ಲೆಂಡಿನ ಕಥೆ. ಶ್ರೀಮಂತ ಚಿಕ್ಕಮ್ಮನಿಗೆ ತೋರಿಸಲು ನಾಯಕಿಗೆ ತುರ್ತಾಗಿ ಒಬ್ಬ ಸುಳ್ಳು ಗಂಡ ಬೇಕು. ಸಿಕ್ಕವನು ಸಾಲದಲ್ಲಿ ಮುಳುಗಿದ, ಮಾತಿನಲ್ಲಿ ಮಾತ್ರ ಸಿರಿವಂತನಾದ ಕಿರಿಯ ಮಗ. ಕಾಗದ ಪಡೆದವರೇ ಸಾಮಾನ್ಯವಾಗಿ ಅಂಚೆ ಕೂಲಿ ತೆರುತ್ತಿದ್ದ ಕಾಲವದು. ಕಳಿಸುವವರೇ ಮೊದಲು ಒಂದು ಪೆನ್ನಿ ತೆತ್ತು ಕಾಗದ ಹಾಕುವ ಪೆನ್ನಿ ಅಂಚೆ ಬಂದದ್ದು 1840ರಲ್ಲಿ. ಚಿಕ್ಕಮ್ಮ ಬರೆಯುವ ಉದ್ದುದ್ದ ಬೈಗುಳದ ಪತ್ರಗಳಿಗೆಲ್ಲ ಪಾಪದವನೇ ಕಾಸು ಎಣಿಸಬೇಕು. ಅಲ್ಲಿ ನಾನು ದಿಂಬಿಗೆ ಮುಖ ಒತ್ತಿ ನಕ್ಕಿದ್ದೇನೆ.

ಮಾವನವರು ನಿವೃತ್ತ ವಕೀಲರು. ಪ್ರೇಮಕಥೆ ಎಂದರೆ ಮೂಗು ಮುರಿಯುವವರು ಬಾಗಿಲಲ್ಲಿ ನಿಂತು ಕೇಳತೊಡಗಿದರು. ಎರಡನೆಯ ಅಧ್ಯಾಯಕ್ಕೆ ಅವರ ಕುರ್ಚಿ ಒಳಗೇ ಬಂದಿತ್ತು. ಇಂಗ್ಲೆಂಡಿನಲ್ಲಿ ಇವರ ನಾಟಕ ನಿಜವಾದ ಮದುವೆಯಾಗಿಬಿಡುವ ಅಪಾಯವಿಲ್ಲ ಎಂಬುದು ಅವರ ವಾದ. ಆಗ ಅಲ್ಲಿ 1753ರ ವಿವಾಹ ಕಾಯ್ದೆಯಿತ್ತು: ಚರ್ಚಿನಲ್ಲಿ ಮೂರು ಭಾನುವಾರ ಮದುವೆಯ ಘೋಷಣೆಯಾಗಬೇಕು, ಇಲ್ಲವೇ ಪರವಾನಗಿ ಬೇಕು, ಸಾಕ್ಷಿಗಳ ಮುಂದೆ ರುಜು ಬೀಳಬೇಕು. ಆದರೆ ಜೋಡಿ ಸಾರೋಟಿನಲ್ಲಿ ಸ್ಕಾಟ್ಲೆಂಡಿನ ಗಡಿ ದಾಟಿತು ನೋಡಿ, ಮಾವ ಕುರ್ಚಿಯ ತುದಿಗೆ ಬಂದರು! ಅಲ್ಲಿ ಪಾದ್ರಿಯೂ ಬೇಡ, ಚರ್ಚೂ ಬೇಡ. ನಾವು ಗಂಡ ಹೆಂಡತಿ ಎಂದು ಇಬ್ಬರೂ ಮನಃಪೂರ್ವಕ ಒಪ್ಪಿ ಹೇಳಿಕೊಂಡರೆ ಮದುವೆಯೇ ಆಗಿಹೋಗುತ್ತಿತ್ತು. ಆ ಪದ್ಧತಿ ನಿಂತದ್ದು 1940ರಲ್ಲಿ. ಛತ್ರದವನ ಎದುರು ನಾಯಕ ‘ಇವಳು ನನ್ನ ಹೆಂಡತಿ’ ಎಂದಾಗ ನಾದಿನಿ ಓದು ನಿಲ್ಲಿಸಿದಳು. ಒಪ್ಪಿಗೆ ಮನಸ್ಸಿನಿಂದ ಬಂದಿರಬೇಕು, ನಟನೆ ಮದುವೆಯಾಗದು ಎಂದು ಮಾವ. ಮನಸ್ಸಿನಲ್ಲಿ ಇಲ್ಲ ಎಂದು ನಿಮಗೆ ಯಾರು ಹೇಳಿದರು ಎಂದು ನಾದಿನಿ. ಊಟ ತಣ್ಣಗಾಯಿತು.

ತಮ್ಮನ ಮಗನಿಗೂ ಕೃತಜ್ಞತೆ ಸಲ್ಲಬೇಕು, ಅವನ ಓದು ಸ್ವಲ್ಪ ಅಪ್ರಾಮಾಣಿಕವಾಗಿದ್ದರೂ. ಅವನ ಪಾಳಿಯಲ್ಲಿ ಮುತ್ತಿನ ಪ್ರಸಂಗ ಬಂದರೆ ಹಾಳೆಗಳು ಅಂಟಿಕೊಂಡುಬಿಡುತ್ತಿದ್ದವು. ಈಗ ಆ ಭಾಗಗಳನ್ನೆಲ್ಲ ನಾನೇ ಓದಿ ಮುಗಿಸಿದ್ದೇನೆ, ನಿಧಾನವಾಗಿ.

ಇಂಥ ಕಥೆಗಳ ಕೊನೆ ಮೊದಲೇ ಗೊತ್ತಿರುತ್ತದೆ ಎಂದು ಹಳಿಯುವವರಿದ್ದಾರೆ. ನನ್ನ ಕಣ್ಣಿನ ಕೊನೆಯೇ ಗೊತ್ತಿಲ್ಲದ ದಿನಗಳಲ್ಲಿ ನನಗೆ ಬೇಕಾಗಿದ್ದದ್ದು ಅದೇ. ಬರೆದ ಪುಣ್ಯಾತ್ಮಳಿಗೆ ಶರಣು.

ಇದೇ ಬಗೆಯ ಇನ್ನೊಂದು ಕಾದಂಬರಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕೇಳುತ್ತಿರುವುದು ಮಾವನವರು. ಆಸ್ತಿ ವ್ಯಾಜ್ಯವೂ ಇದ್ದರೆ ಒಳ್ಳೆಯದಂತೆ.